ಮೇಡಂ ಬಿಟ್ಟುಹೋದ ಮೂಲೆ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿಕೊಂಡು ನಗುವವರು ಕಡಿಮೆ. ಕಳೆದ ತಿಂಗಳು ರಿಯಾದಿನಲ್ಲಿ ನಾನು ನಕ್ಕೆ. ದವಡೆಯ ಹಲ್ಲೊಂದು ಹುಳುಕಾಗಿತ್ತು. ಡಾಕ್ಟರು ಅದನ್ನು ಕೊರೆದು ತೂತಿನೊಳಗೆ ಬಿಳಿ ಮದ್ದು ತುಂಬುವಾಗ ಲವಂಗದ ಎಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಲವಂಗ ಎಂದರೆ ಜನಕ್ಕೆ ಬಿರಿಯಾನಿ ನೆನಪಾಗುತ್ತದೆ, ಇಲ್ಲವೆ ಹಲ್ಲುನೋವು. ನನಗೆ ನೆನಪಾದದ್ದು ಬಣ್ಣದ ಡಬ್ಬಿಗಳು, ಅವುಗಳ ನಡುವೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಒಬ್ಬ ಹೆಂಗಸು... ಬಾಯಿಯಲ್ಲಿ ಹತ್ತಿ ಇಟ್ಟುಕೊಂಡೇ ನನಗೂ ನಗು ಬಂತು. ಡಾಕ್ಟರು ಗಾಬರಿಯಿಂದ ಕೈ ಹಿಂದೆ ತೆಗೆದು, ನೋಯುತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಅದು ಪೂರ್ತಿ ನಿಜವಾಗಿರಲಿಲ್ಲ.

ಆಗ ನಾನು ಅಭಾದಲ್ಲಿದ್ದೆ. ಆಸ್ಪತ್ರೆಯ ಕಟ್ಟಡ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಪೇಂಟರ್. ಇಕಾಮಾದಲ್ಲೂ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲೂ, ಹಾಗೆಯೇ ಬರೆದಿತ್ತು. ಊರಲ್ಲಿ ಕೆಲವರು, ನಿಮ್ಮ ಯಜಮಾನರು ಚಿತ್ರ ಬರೆಯುವವರಂತೆ ಹೌದಾ ಎಂದು ನನ್ನ ಹೆಂಡತಿಯನ್ನು ಕೇಳಿದ್ದೂ ಉಂಟು. ನನ್ನ ಕೆಲಸ ಅದಕ್ಕೆ ತದ್ವಿರುದ್ಧ. ಗೋಡೆಯ ಮೇಲೆ ಏನೂ ಕಾಣಬಾರದು, ಅದೇ ನನ್ನ ಕೆಲಸ. ಪುಟ್ಟಿ ಎಳೆದು, ಸ್ಯಾಂಡ್‌ಪೇಪರ್ ತಿಕ್ಕಿ, ಪ್ರೈಮರ್ ಹೊಡೆದು, ಮೇಲೆ ಎರಡು ಕೈ ಬಿಳಿ. ಬಣ್ಣ ಬಳಿದವನ ಕೈ ಎಲ್ಲಿಂದ ಎಲ್ಲಿಗೆ ಓಡಿತು ಎಂದು ಯಾರಿಗೂ ಗೊತ್ತಾಗದಿದ್ದರೆ ಅವನು ಒಳ್ಳೆಯ ಪೇಂಟರ್. ನಾನು ಒಳ್ಳೆಯ ಪೇಂಟರ್ ಆಗಿದ್ದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಭಾ ಬೆಟ್ಟದ ಮೇಲಿನ ಊರು. ಸೌದಿ ಎಂದರೆ ಬರೀ ಮರಳು ಎಂದುಕೊಂಡು ಬಂದವರಿಗೆ ಅಲ್ಲಿನ ಮಂಜು ಕಂಡು ತಲೆ ತಿರುಗುತ್ತದೆ. ಬೆಳಿಗ್ಗೆ ಕಂಪನಿಯ ಬಸ್ಸಿನ ಮುಂದೆ ರಸ್ತೆಯೇ ಇರುತ್ತಿರಲಿಲ್ಲ. ಮಂಜು ಸರಿದರೆ ದಾರಿಯ ಬದಿಯ ಕಲ್ಲಿನ ಮೇಲೆ ಕೋತಿಗಳ ಸಂಸಾರ ಕೂತಿರುತ್ತಿತ್ತು. ಆ ತೇವಕ್ಕೆ ಬಣ್ಣ ಒಣಗುವುದೂ ನಿಧಾನ. ಹಾಗಾಗಿ ಅಲ್ಲಿ ಪೇಂಟರಿಗೆ ಅವಸರ ಸಲ್ಲದು ಎಂದು ನಾನು ಹೊಸಬರಿಗೆಲ್ಲ ಉಪದೇಶ ಮಾಡುತ್ತಿದ್ದೆ.

ಆಸ್ಪತ್ರೆಯಲ್ಲಿ ಮಕ್ಕಳ ಹೊಸ ವಾರ್ಡಿನ ಕೆಲಸ ನಡೆಯುತ್ತಿತ್ತು. ಒಳಗಿನ ಕೋಣೆಗಳಿಗೆ ಮಕ್ಕಳು ಆಗಲೇ ಬಂದಿದ್ದರು, ಹೊರಗಿನ ಉದ್ದ ಕಾರಿಡಾರ್ ಮಾತ್ರ ಬಾಕಿ. ಅದರ ದೊಡ್ಡ ಗೋಡೆಗೆ ಚಿತ್ರ ಬರೆಯಲು ಅಮೆರಿಕದಿಂದ ಒಬ್ಬ ಮೇಡಂ ಬರುತ್ತಾರೆ, ನೀನು ಅವರ ಜೊತೆಗಿರಬೇಕು ಎಂದು ನಮ್ಮ ಮುಹಂದಿಸ್, ಅಂದರೆ ಇಂಜಿನಿಯರ್, ನನಗೆ ಹೇಳಿದರು. ವಾರ್ಡಿನ ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಮೇಡಂ ವೀಸಾ ಕೂಡ ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ. ನಾಲ್ಕು ವಾರದಲ್ಲಿ ಗೋಡೆ ಮುಗಿಯಬೇಕು. ಅಟ್ಟಳಿಗೆ ಕಟ್ಟಲು ಮೋನಾಕನನ್ನು ಹಾಕಿದರು. ಮೋನಾಕ ಉಳ್ಳಾಲದ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವರು, ಅರಬ್ಬಿಯನ್ನು ನೀರು ಕುಡಿದಂತೆ ಮಾತಾಡುತ್ತಿದ್ದರು. ಅವರ ಬಾಯಿ ಸುಮ್ಮನಿದ್ದದ್ದನ್ನು ನಾನು ನಿದ್ದೆಯಲ್ಲೂ ನೋಡಿಲ್ಲ.

ಮೇಡಂ ಬಂದರು. ನಾವು ಟಿವಿಯಲ್ಲಿ ಕಂಡ ಅಮೆರಿಕದ ಹೆಂಗಸನ್ನು ಎದುರು ನೋಡುತ್ತಿದ್ದೆವು. ಬಂದವರಿಗೆ ಅರವತ್ತು ದಾಟಿತ್ತು. ಎತ್ತರದ ಆಳು, ಅಗಲ ಕೈ, ಹತ್ತು ಕಡೆ ಬಣ್ಣ ಮೆತ್ತಿದ ದೊಗಳೆ ಅಂಗಿ, ತಲೆಗೆ ನಮ್ಮ ಮಲ್ಪೆಯ ಮೀನು ಮಾರುವ ಹೆಂಗಸರ ಹಾಗೆ ಬಿಗಿದು ಕಟ್ಟಿದ ಬಟ್ಟೆ. ನನ್ನ ಕೈ ಕುಲುಕಿ, ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ಸವರಿದರು. "ಇದನ್ನು ಮಾಡಿದ್ದು ಯಾರು?" ಎಂದು ಕೇಳಿದರು. ನಾನು ಎಂದೆ. "ಎಷ್ಟು ಚೆನ್ನಾಗಿದೆಯೆಂದರೆ ಹಾಳು ಮಾಡಲು ಭಯವಾಗುತ್ತದೆ" ಎಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅರ್ಧ ಅವರ ಮಾತು, ಅರ್ಧ ನನಗೆ ತಿಳಿದದ್ದು. ಆದರೆ ಆ ಒಂದು ಮಾತು ಪೂರ್ತಿ ಅವರದೇ. ಇಪ್ಪತ್ತು ವರ್ಷದ ಗಲ್ಫಿನಲ್ಲಿ ನನ್ನ ಗೋಡೆಯನ್ನು ಮುಟ್ಟಿ ನೋಡಿದವರು ಅವರೊಬ್ಬರೇ.

ಮೊದಲ ಎರಡು ದಿನ ಅವರು ಏನೂ ಮಾಡಲಿಲ್ಲ. ಬೆಳಿಗ್ಗೆ ಬಂದು ಗೋಡೆಗೆ ಗುಡ್ ಮಾರ್ನಿಂಗ್ ಹೇಳುವುದು, ಕುರ್ಚಿ ಹಾಕಿ ಕೂರುವುದು, ನೋಡುವುದು. ಆಮೇಲೆ ಕುರ್ಚಿ ಆಚೆ ಜರುಗಿಸಿ ಅಲ್ಲಿಂದ ನೋಡುವುದು. ಸಣ್ಣಗೆ ಸಿಳ್ಳೆ ಹಾಕುವುದು. ಮೋನಾಕನಿಗೆ ತಡೆಯಲಿಲ್ಲ. "ಎಂತ ಮಾರಾಯ ಇದು, ಗೋಡೆ ನೋಡ್ಲಿಕ್ಕೆ ಅಮೆರಿಕದಿಂದ ಬರ್ಬೇಕಾ? ನಮ್ಮ ರೂಮಲ್ಲಿ ನಾಲ್ಕು ಗೋಡೆ ಉಂಟು, ಒಬ್ಬನೂ ನೋಡುದಿಲ್ಲ" ಎಂದರು. ನಾನು ನಕ್ಕೆ. ಮೇಡಂ ಏನೆಂದು ಕೇಳಿದರು. ಧೈರ್ಯ ಮಾಡಿ ಹೇಳಿಬಿಟ್ಟೆ. ಅವರು ನಮಗಿಂತ ಜೋರಾಗಿ ನಕ್ಕರು. ಅಂದಿನಿಂದ ನಮ್ಮ ಮೂವರ ನಡುವೆ ಸಲಿಗೆ ಬೆಳೆಯಿತು.

ಬಣ್ಣ ಕಲಸುವಾಗ ಅವರು ಪ್ರತಿ ಡಬ್ಬಿಗೂ ಲವಂಗದ ಎಣ್ಣೆಯ ಎರಡು ಹನಿ ಬಿಡುತ್ತಿದ್ದರು. ನೀರು ಬೆರೆಸಿದ ಬಣ್ಣ ದಿನ ಕಳೆದಂತೆ ಹುಳಿ ವಾಸನೆ ಹಿಡಿದು ಬೂಷ್ಟು ಬರುತ್ತದೆ, ಎಣ್ಣೆ ಬಿಟ್ಟರೆ ಬರುವುದಿಲ್ಲ. ಅದನ್ನು ಅವರಿಗೆ ಕಲಿಸಿದ್ದು ಅಪ್ಪ. ಗೋಧಿ ಬೆಳೆಯುವ ಒಂದು ಸಣ್ಣ ಊರಿನಲ್ಲಿ ಅಪ್ಪ ಅಂಗಡಿಗಳ ಬೋರ್ಡು, ಧಾನ್ಯ ತುಂಬಿಡುವ ಎತ್ತರದ ಗೋಪುರಗಳ ಮೇಲಿನ ಹೆಸರು ಬರೆಯುತ್ತಿದ್ದರಂತೆ. ಮಗಳ ಕೆಲಸ ಕೆಳಗೆ ನಿಂತು ಏಣಿ ಹಿಡಿಯುವುದು. ಒಂದು ವರ್ಷ ಅಪ್ಪನಿಗೆ ಕಾಯಿಲೆಯಾಗಿ ಗೋಪುರದ ಕೆಲಸ ಅರ್ಧಕ್ಕೆ ನಿಂತಾಗ ಮಗಳೇ ಹತ್ತಿದರು. ಊರಿನ ಗಂಡಸರೆಲ್ಲ ಕೆಳಗೆ ಸೇರಿ, ಹುಡುಗಿ ಯಾವಾಗ ಬೀಳುತ್ತಾಳೆ ಎಂದು ನೋಡುತ್ತಿದ್ದರಂತೆ. ಅವರು ಬೀಳಲಿಲ್ಲ. ಹೆಸರು ಬರೆದು ಮುಗಿಸಿ, ಕೆಳಗಿದ್ದವರಿಗೆ ಸಿಟ್ಟು ಬರಲಿ ಎಂದೇ ಪಕ್ಕದಲ್ಲಿ ಯಾರೂ ಹೇಳದ ಒಂದು ದೊಡ್ಡ ಕೋಳಿಯನ್ನೂ ಬರೆದರು. ಆ ಕೋಳಿಯೇ ಅವರ ಮೊದಲ ಚಿತ್ರ. ಆಮೇಲೆ ನೀರಿನ ಟ್ಯಾಂಕು, ಶಾಲೆ, ಸೇತುವೆಯ ಅಡಿ, ಜೈಲಿನ ಊಟದ ಕೋಣೆ, ಹೀಗೆ ನಲವತ್ತು ವರ್ಷ ಗೋಡೆಗಳೇ. ಆ ಅಲೆದಾಟ ಹಿಡಿಸದೆ ಗಂಡ ಬಿಟ್ಟುಹೋದನಂತೆ. ಮೇಡಂ ಮಗಳು ಅಟ್ಟಳಿಗೆಯ ಕೆಳಗೇ ಮಲಗಿ ಬೆಳೆದಳಂತೆ. ಇದನ್ನೆಲ್ಲ ಅವರು ನಾನು ಟಿಫಿನ್ನಿನಲ್ಲಿ ತಂದ ನೀರುದೋಸೆ ತಿನ್ನುತ್ತಾ ಹೇಳುತ್ತಿದ್ದರು. ದೋಸೆಯನ್ನು ಬೆಳಕಿಗೆ ಹಿಡಿದು, ಅದರ ತೂತುಗಳನ್ನು ನೋಡಿ ಖುಷಿಪಟ್ಟು ಆಮೇಲೆ ಬಾಯಿಗೆ ಹಾಕುವುದು ಅವರ ಕ್ರಮ.

ಅವರ ಗೋಡೆಗಳಲ್ಲಿ ಅರ್ಧದಷ್ಟು ಈಗ ಇಲ್ಲ. ಕೆಲವು ಕಟ್ಟಡ ಬಿದ್ದವು, ಕೆಲವಕ್ಕೆ ಬೇರೆ ಬಣ್ಣ ಹೊಡೆದರು. ಒಂದನ್ನಂತೂ ಮುಗಿಸಿದ ವಾರದಲ್ಲೇ ಕೆಡವಿದರಂತೆ. ಬೇಸರವಾಗಲಿಲ್ಲವೇ ಎಂದು ಕೇಳಿದೆ. "ಆಯಿತು, ಎರಡು ದಿನ. ಮೂರನೆಯ ದಿನ ಇನ್ನೊಂದು ಗೋಡೆ ಸಿಕ್ಕಿತು" ಎಂದರು. ಆಮೇಲೆ ಬಲಭುಜವನ್ನು ಒತ್ತಿಕೊಂಡು, ಈ ಭುಜ ಸವೆದುಹೋಗಿದೆ, ಇನ್ನು ಕೈ ಎತ್ತಿ ಮಾಡುವ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದಾರೆ, ಹಾಗಾಗಿ ಇದೇ ಕೊನೆಯ ಗೋಡೆ ಎಂದರು. ಹವಾಮಾನದ ವಿಷಯ ಹೇಳಿದ ಹಾಗೆ ಹೇಳಿದರು. ನಾನು ಇನ್ನೊಂದು ದೋಸೆ ಬಡಿಸಿದೆ.

ನಾನು ಆ ಘನಕಾರ್ಯ ಮಾಡಿದ್ದು ನಾಲ್ಕನೆಯ ದಿನ. ಹಿಂದಿನ ಸಂಜೆ ನಾನು ಶಿಫ್ಟ್ ಮುಗಿಸಿ ಹೋಗುವಾಗ ಗೋಡೆ ಹಾಲಿನ ಹಾಗಿತ್ತು. ಬೆಳಿಗ್ಗೆ ಬಂದು ನೋಡುತ್ತೇನೆ, ಇಡೀ ಗೋಡೆಯ ತುಂಬ ಗೀಚು! ಕೆಂಪು, ನೇರಳೆ, ನೀಲಿ ಮಾರ್ಕರು, ಮೇಣದ ಕಡ್ಡಿ. ಸುರುಳಿ, ಬಸವನಹುಳು, ಅರಬ್ಬಿ ಅಕ್ಷರ, ಮೂರು ಕಾಲಿನ ಬೆಕ್ಕು. ಇದು ವಾರ್ಡಿನ ಮಕ್ಕಳದೇ ಕೆಲಸ, ನರ್ಸುಗಳ ಕಣ್ಣು ತಪ್ಪಿಸಿ ಹೊರಗೆ ಬಂದಿದ್ದಾರೆ ಎಂದುಕೊಂಡೆ. ಒಂಬತ್ತು ಗಂಟೆಗೆ ಮುಹಂದಿಸ್ ಗೋಡೆ ನೋಡಲು ಬರುವವರಿದ್ದರು. ಮೇಡಂ ನೋಡಿದರೆ ಅಳುತ್ತಾರೆ, ಮುಹಂದಿಸ್ ನೋಡಿದರೆ ನನ್ನನ್ನು ಅಳಿಸುತ್ತಾರೆ. ರೋಲರ್ ಕೈಗೆತ್ತಿಕೊಂಡೆ.

ಒಂದು ಕೈ ಬಿಳಿ ಹೊಡೆದು ಮೋನಾಕನ ಜೊತೆ ಚಾ ಕುಡಿದು ಬರುವಷ್ಟರಲ್ಲಿ ನೇರಳೆ ಬಣ್ಣ ಗುಲಾಬಿಯಾಗಿ ಮೇಲೆ ಬಂದಿತ್ತು. ಮಾರ್ಕರಿನ ಶಾಯಿ ನೀರಿನ ಬಣ್ಣಕ್ಕೆ ಬಗ್ಗುವುದಿಲ್ಲ, ಅದನ್ನು ಎಬ್ಬಿಸಿಕೊಂಡು ಮೇಲೆ ತೇಲುತ್ತದೆ. ಮೇಣದ ಗೆರೆಗಳಂತೂ ಬಣ್ಣವನ್ನೇ ಹಿಡಿಯಲಿಲ್ಲ. ನನಗೆ ಹಠ ಬಂತು. ಇನ್ನೊಂದು ಕೈ ಹೊಡೆದೆ. ಮೂರು ಕಾಲಿನ ಬೆಕ್ಕು ಮಂಜಿನಲ್ಲಿ ನಿಂತ ಹಾಗೆ ಮತ್ತೆ ಕಂಡಿತು. ಇದಕ್ಕೆ ಎಣ್ಣೆ ಪ್ರೈಮರ್ ಒಂದೇ ಮದ್ದು, ಅದನ್ನು ಹೊಡೆದರೆ ಯಾವ ಕಲೆಯೂ ಜನ್ಮದಲ್ಲಿ ಮೇಲೇಳುವುದಿಲ್ಲ. ಮೋನಾಕನನ್ನು ಸ್ಟೋರಿಗೆ ಓಡಿಸಿದೆ. ಹೋದವರು ಬರಿಗೈಯಲ್ಲಿ ಬಂದರು. "ಸ್ಟೋರಿನವ ಇನ್ನೂ ಬರ್ಲಿಲ್ಲ ಮಾರಾಯ. ಬೀಗ ನೇತಾಡ್ತಾ ಉಂಟು" ಎಂದರು. ಸ್ಟೋರಿನವನಿಗೆ ನಾನು ಅವತ್ತು ಬೈದ ಬೈಗುಳ ಅಷ್ಟಿಷ್ಟಲ್ಲ. ಅವನು ತಡವಾಗಿ ಬಂದದ್ದಕ್ಕೆ ಆಮೇಲೆ ಅವನಿಗೆ ಒಂದು ಕಿಲೋ ಖರ್ಜೂರ ಕೊಟ್ಟೆ. ಯಾಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಮೇಡಂ ಕಾಫಿ ಲೋಟ ಹಿಡಿದುಕೊಂಡು ಬಂದರು. ನಾನು ಎದೆಯುಬ್ಬಿಸಿ, ಗಾಬರಿಯಾಗಬೇಡಿ ಮೇಡಂ, ಮಕ್ಕಳು ಗೋಡೆ ಹಾಳು ಮಾಡಿದ್ದರು, ಒಂಬತ್ತು ಗಂಟೆಯೊಳಗೆ ಎಲ್ಲ ಬಿಳಿ ಮಾಡಿಕೊಡುತ್ತೇನೆ ಎಂದೆ. ಅವರು ಗೋಡೆಯನ್ನೂ ನನ್ನನ್ನೂ ನೋಡಿದರು. ಬಕೆಟ್ಟು ಬೋರಲು ಹಾಕಿ ಕೂತರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ರೋಲರ್ ಕೆಳಗಿಟ್ಟೆ. ಅವರು ನಗುತ್ತಿದ್ದರು. ಕಾಫಿ ಚೆಲ್ಲಿತು, ತಲೆಯ ಬಟ್ಟೆ ಜಾರಿತು, ನಗು ನಿಲ್ಲಲಿಲ್ಲ.

ಆ ಗೀಚನ್ನು ಬರೆಸಿದವರು ಅವರೇ. ನಾನು ಹೋದ ಮೇಲೆ ಮಕ್ಕಳನ್ನು ಕರೆದು ಮಾರ್ಕರು ಕೊಟ್ಟಿದ್ದರು. ಕೈಗೆಟುಕದ ಮೇಲಿನ ಭಾಗಕ್ಕೆ ತಾವೇ ಉದ್ದ ಕೋಲಿಗೆ ಮಾರ್ಕರು ಕಟ್ಟಿ ಗೀಚಿದ್ದರು. ಅಷ್ಟು ದೊಡ್ಡ ಗೋಡೆಯ ಮೇಲೆ ಎದುರಿಗೆ ನಿಂತು ಚಿತ್ರ ಬರೆದರೆ ಅಳತೆ ತಪ್ಪುತ್ತದೆ, ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ಅದಕ್ಕೇ ಮೊದಲು ಗೋಡೆಯ ತುಂಬ ಗೀಚಿ, ಅದರ ಫೋಟೋ ತೆಗೆದು, ಟ್ಯಾಬಿನಲ್ಲಿ ಆ ಫೋಟೋದ ಮೇಲೆ ತಮ್ಮ ಚಿತ್ರವನ್ನು ಇಟ್ಟುಕೊಳ್ಳುತ್ತಾರೆ. ಈ ಎಲೆಯ ತುದಿ ಬಸವನಹುಳುವಿನ ಬಾಲದ ಹತ್ತಿರ, ಈ ಗೆರೆ ಬೆಕ್ಕಿನ ಕಿವಿ ದಾಟಿ ಹೋಗಬೇಕು, ಹೀಗೆ ದಾರಿ ಗುರುತು. ಟ್ಯಾಬಿನಲ್ಲಿ ಅದನ್ನು ತೋರಿಸಿದಾಗ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಗೀಚು ಕಂಡರೆ ಅಳಿಸುವುದೊಂದೇ ನನಗೆ ಗೊತ್ತಿದ್ದದ್ದು. ಎಣ್ಣೆ ಪ್ರೈಮರ್ ಸಿಕ್ಕಿದ್ದರೆ ಅವರ ಮೂರು ದಿನದ ಕೆಲಸ ಮಣ್ಣುಪಾಲಾಗುತ್ತಿತ್ತು. "ಪರವಾಗಿಲ್ಲ, ಹೀಗೆ ಮಸುಕಾಗಿರುವುದೇ ಒಳ್ಳೆಯದು, ಬಣ್ಣ ಬೇಗ ಮುಚ್ಚುತ್ತದೆ" ಎಂದರು. ನನ್ನ ಸಮಾಧಾನಕ್ಕೆ ಹೇಳಿದ್ದೋ ಏನೋ... ಮೋನಾಕ ಮಾತ್ರ ಒಂದು ವರ್ಷ ನನ್ನನ್ನು ಬಿಡಲಿಲ್ಲ. ಹೊಸ ಗೋಡೆ ಕಂಡಾಗಲೆಲ್ಲ, "ಸ್ವಲ್ಪ ನೋಡು ಮಾರಾಯ, ಯಾರಾದ್ರೂ ಎಂತಾದ್ರೂ ಬರ್ದಿಟ್ಟಿದ್ದಾರಾ ಅಂತ" ಎನ್ನುತ್ತಿದ್ದರು.

ಗೋಡೆ ಮೇಲೇಳತೊಡಗಿತು. ಕೆಳಗೆ ಅಭಾದ ಕಲ್ಲಿನ ಮನೆಗಳು, ಕಳ್ಳಿಹಣ್ಣು, ಕೋತಿಗಳು, ಮಂಜು. ಮೇಲೆ, ಸೂರಿನ ಉದ್ದಕ್ಕೂ, ಆ ಸೀಮೆಯ ಹೆಂಗಸರು ತಮ್ಮ ಮನೆಯ ಬೈಠಕ್ಕಿನ ಕೋಣೆಯ ಗೋಡೆಗೆ ಬರೆಯುವ ಚಿತ್ತಾರದ ಪಟ್ಟಿ. ಅಲ್ಲಿ ಮನೆಯೊಳಗಿನ ಗೋಡೆಗೆ ಬಣ್ಣ ಹಚ್ಚುವುದು ಹೆಂಗಸರದೇ ಕೆಲಸ. ಕೈ ಪಳಗಿದ ಒಬ್ಬಳು ಗೆರೆ ಎಳೆದುಕೊಡುತ್ತಾಳೆ, ನೆಂಟರು, ನೆರೆಯವರು ಸೇರಿ ಬಣ್ಣ ತುಂಬುತ್ತಾರೆ. ಅದನ್ನು ಮೇಡಂಗೆ ಕಲಿಸಲು ಬೆಟ್ಟದ ಹಳ್ಳಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ನಾವೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಸ್ಕೇಲಿಲ್ಲ, ಟೇಪಿಲ್ಲ, ಖಾಲಾ ಗೆರೆ ಎಳೆದರೆ ಎಳೆದದ್ದೇ. ಪಟ್ಟಿಯ ತುದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಮರದಂಥ ಆಕಾರಗಳು ಬರುತ್ತವೆ. ಅವಕ್ಕೆ ಬನಾತ್ ಎನ್ನುತ್ತಾರೆ, ಅಂದರೆ ಹುಡುಗಿಯರು. ಇಬ್ಬರು ಮುದುಕಿಯರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಇಡೀ ದಿನ ಮಾತಾಡಿಕೊಂಡಿರುತ್ತಿದ್ದರು. ನಡುವೆ ಮೋನಾಕನ ತರ್ಜುಮೆ. ಅವರು ಎಷ್ಟು ಸೇರಿಸುತ್ತಿದ್ದರೋ ಎಷ್ಟು ಬಿಡುತ್ತಿದ್ದರೋ ದೇವರಿಗೇ ಗೊತ್ತು.

ಎರಡನೆಯ ವಾರದ ಕೊನೆಗೆ ಅಟ್ಟಳಿಗೆಯ ಮೇಲಿಂದ ಬ್ರಷ್ ಕೆಳಗೆ ಬಿತ್ತು. ಎತ್ತಿಕೊಡಲು ಹೋದರೆ ಮೇಡಂ ಬಲಗೈಯನ್ನು ಎಡಗೈಯಿಂದ ಹಿಡಿದು ಕೂತಿದ್ದರು. ಮುಖ ಬಿಳಿಚಿತ್ತು. ಅದೇ ಆಸ್ಪತ್ರೆಯ ಡಾಕ್ಟರು ಕೈಯನ್ನು ಕೊರಳಿಗೆ ತೂಗುಹಾಕಿ, ಇನ್ನು ಎತ್ತಬಾರದು ಎಂದರು. ಗೋಡೆಯ ಕೆಳಭಾಗ ಮುಗಿದಿತ್ತು. ಮೇಲಿನ ಪಟ್ಟಿ ಪೂರ್ತಿ ಬಾಕಿ. ಮುಹಂದಿಸ್ ಬಂದು ನೋಡಿ, ತೊಂದರೆಯಿಲ್ಲ, ಇಲ್ಲಿಗೇ ಒಂದು ಬಾರ್ಡರ್ ಹೊಡೆದು ಮೇಲೆಲ್ಲ ಕ್ರೀಮ್ ಬಣ್ಣ ಬಳಿದುಬಿಡೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮೇಡಂ ಸಿಳ್ಳೆ ಹಾಕದೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವರ ಕೊನೆಯ ಗೋಡೆ ಅರ್ಧಕ್ಕೇ ನಿಲ್ಲುವುದಿತ್ತು, ಮತ್ತು ಆ ಕ್ರೀಮ್ ಬಣ್ಣ ಹೊಡೆಯಬೇಕಾದವನು ನಾನೇ ಆಗಿದ್ದೆ.

ಮುಹಂದಿಸ್ ಹೋದ ಮೇಲೆ ಅವರು ನನ್ನನ್ನು ಕರೆದರು. "ನೀನು ಬಾಗಿಲ ಚೌಕಟ್ಟಿಗೆ ಬಣ್ಣ ಹಚ್ಚುವಾಗ ನೋಡಿದ್ದೇನೆ. ಮಣಿಕಟ್ಟು ತಿರುಗಿಸುವುದನ್ನು ಎಲ್ಲಿ ಕಲಿತೆ?" ನಾನು ಹೇಳಬಾರದೆಂದಿದ್ದೆ, ಹೇಳಿದೆ. ಹದಿನೆಂಟನೆಯ ವಯಸ್ಸಿನಲ್ಲಿ ಮಂಗಳೂರಿನಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿದ್ದೆ. ಬಸ್ಸಿನ ಹೆಸರು, ಹಿಂದುಗಡೆ ಹೂವಿನ ಬಳ್ಳಿ, ಪಕ್ಕಕ್ಕೆ ಈ ತುದಿಯಿಂದ ಆ ತುದಿಗೆ ಉಸಿರು ಹಿಡಿದು ಎಳೆಯುವ ಉದ್ದ ಗೆರೆ. ಆಮೇಲೆ ಸ್ಟಿಕ್ಕರ್ ಬಂತು, ಕೆಲಸ ಹೋಯಿತು, ನಾನು ಗಲ್ಫಿಗೆ ಬಂದೆ, ಬಿಳಿ ಹೊಡೆದೆ. ಮೇಡಂ ಕಣ್ಣು ಅರಳಿತು. ಅವರ ಅಪ್ಪನೂ ಉಸಿರು ಹಿಡಿದೇ ಗೆರೆ ಎಳೆಯುತ್ತಿದ್ದರಂತೆ. "ಮೇಲಿನ ಪಟ್ಟಿ ನಿನ್ನದು" ಎಂದರು.

ಆಗುವುದಿಲ್ಲ ಎಂದೆ. ನಾನು ಕಂಪನಿಯ ಪೇಂಟರ್, ಗೆರೆ ಸೊಟ್ಟಗಾದರೆ ಯಾರು ಜವಾಬು ಕೊಡುವುದು ಎಂದೆ. ಇಪ್ಪತ್ತು ವರ್ಷ ಕೈ ಕಾಣದ ಹಾಗೆ ಬದುಕಿದವನಿಗೆ ಕೈ ಕಾಣಿಸು ಎಂದರೆ ಹೇಗೆ? ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ. ಮೋನಾಕನೇ ನನ್ನ ಬೆನ್ನಿಗೆ ಗುದ್ದಿದರು. "ಹತ್ತು ಮಾರಾಯ. ಅವ್ರು ಅಷ್ಟು ದೂರದಿಂದ ಬಂದದ್ದು ಅರ್ಧ ಗೋಡೆ ಬರೀಲಿಕ್ಕಾ? ಬೀಳದ ಹಾಗೆ ನಾನು ಹಿಡ್ಕೊಳ್ತೇನೆ, ಯಲ್ಲಾ."

ಹತ್ತಿದೆ. ಮೇಡಂ ಕೆಳಗೆ ಕುರ್ಚಿ ಹಾಕಿಕೊಂಡು ಎಡಗೈಯಲ್ಲಿ ಕೋಲು ಹಿಡಿದರು. ಎಡಕ್ಕೆ, ಇನ್ನೂ ಎಡಕ್ಕೆ, ಉಸಿರು ಬಿಡು, ಸತ್ತುಹೋಗುತ್ತೀಯ ಎಂದು ಕೂಗುವುದು. ಮೊದಲ ಉದ್ದ ಗೆರೆ ಎಳೆದಾಗ ನನ್ನ ಬೆನ್ನೆಲ್ಲ ಬೆವರು. ಆದರೆ ಗೆರೆ ಬಂತು! ಬಸ್ಸಿನ ಶೆಡ್ಡಿನ ವಾಸನೆಯೇ ಬಂದ ಹಾಗಾಯಿತು. ಎರಡನೆಯದು ಬಂತು, ಮೂರನೆಯದು ಬಂತು. ಮಧ್ಯಾಹ್ನದ ಹೊತ್ತಿಗೆ ನಾನೇ ಸಿಳ್ಳೆ ಹಾಕುತ್ತಿದ್ದೆನಂತೆ, ನನಗೆ ಗೊತ್ತಿರಲಿಲ್ಲ. ಅಷ್ಟು ಸಂತೋಷ ನನಗೆ ಗಲ್ಫಿನಲ್ಲಿ ಇನ್ಯಾವತ್ತೂ ಆಗಿಲ್ಲ.

ಮೂರನೆಯ ದಿನ ಬನಾತ್ ಬರೆಯುವಾಗ ಒಬ್ಬ ಹುಡುಗಿ ವಾಲಿದಳು. ಸೊಟ್ಟ ಎಂದರೆ ಸೊಟ್ಟವೇ. ಒದ್ದೆ ಬಟ್ಟೆಗೆ ಕೈ ಹಾಕಿದೆ. ಕೆಳಗಿಂದ ಮೇಡಂ ಬೇಡವೆಂದು ಕಿರುಚಿದರು. ಅಂದು ಖಾಲಾ ಬಂದಿದ್ದರು. ಮುಖದ ಪರದೆಯ ಮೇಲಿನ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ ಏನೋ ಹೇಳಿದರು. ಮೋನಾಕ ತರ್ಜುಮೆ ಮಾಡುವ ಮೊದಲೇ ನಕ್ಕರು. "ಅವಳು ಪಕ್ಕದವಳಿಗೆ ಎಂತದೋ ಗುಟ್ಟು ಹೇಳ್ತಾ ಇದ್ದಾಳಂತೆ. ಹೇಳಿ ಮುಗಿಸ್ಲಿ, ಮುಟ್ಬೇಡ ಅಂತಾರೆ." ನಾನು ಮುಟ್ಟಲಿಲ್ಲ. ಎರಡು ದಿನದಲ್ಲಿ ವಾರ್ಡಿನ ಮಕ್ಕಳೆಲ್ಲ ಆ ಹುಡುಗಿಯನ್ನು ಕಂಡುಹಿಡಿದಿದ್ದರು. ಚುಚ್ಚುಮದ್ದಿಗೆ ಹೋಗುವಾಗ, ಅವಳು ಏನು ಹೇಳುತ್ತಿದ್ದಾಳೆ ಎಂದು ಒಬ್ಬೊಬ್ಬರು ಒಂದೊಂದು ಕತೆ ಕಟ್ಟುತ್ತಿದ್ದರು.

ಉದ್ಘಾಟನೆಗೆ ಒಂದು ದಿನ ಇರುವಾಗ ಗೋಡೆ ಮುಗಿಯಿತು. ಮೇಡಂ ಕೆಳಗಿನ ಬಲಮೂಲೆಯಲ್ಲಿ ನೋಟ್‌ಬುಕ್ಕಿನಷ್ಟು ಜಾಗವನ್ನು ಬಿಳಿಯಾಗಿಯೇ ಬಿಟ್ಟಿದ್ದರು. ಅದು ಹೆಸರಿಗೆ ಎಂದರು. ಬರೆಯಿರಿ ಎಂದೆ. "ಮೊದಲು ನಿನ್ನದು, ಆಮೇಲೆ ನನ್ನದು" ಎಂದು ಬ್ರಷ್ ನನ್ನ ಕೈಗಿಟ್ಟರು. ನಾಳೆ ಬರೆಯುತ್ತೇನೆ ಎಂದೆ. ಮಾರನೆಯ ದಿನ ದೊಡ್ಡವರೆಲ್ಲ ಬಂದರು. ಇದನ್ನು ಬರೆದವರು ಯಾರು ಎಂದು ಅವರಲ್ಲೊಬ್ಬರು ಕೇಳಿದರು. ಮುಹಂದಿಸ್ ಮೇಡಂ ಕಡೆ ಕೈ ತೋರಿಸಿದರು. ಮೇಡಂ ಎಡಗೈ ಎತ್ತಿ ನನ್ನನ್ನು ತೋರಿಸಲು ತಿರುಗಿದರು. ನಾನು ಅಲ್ಲಿರಲಿಲ್ಲ. ನೀರಿನ ಕೂಲರಿನ ಹಿಂದೆ ನಿಂತಿದ್ದೆ. ಕಂಪನಿಯ ಯೂನಿಫಾರ್ಮಿನವನು ದೊಡ್ಡವರ ಮುಂದೆ ಮುಖ ತೋರಿಸಿದರೆ ಒಳ್ಳೆಯದಾಗುವುದಿಲ್ಲ ಎಂಬುದು ನನ್ನ ಇಷ್ಟು ವರ್ಷದ ವಿದ್ಯೆ. ಮೇಡಂ ಕಣ್ಣು ನನ್ನನ್ನು ಹುಡುಕುತ್ತಿತ್ತು. ಅದನ್ನು ಕೂಲರಿನ ಸಂದಿಯಿಂದ ನಾನು ನೋಡಿದೆ.

ಮಾರನೆಯ ದಿನ ಅವರು ಹೊರಟರು. ವಿಮಾನ ನಿಲ್ದಾಣಕ್ಕೆ ಕಾರು ಹತ್ತುವ ಮುಂಚೆ ನನ್ನನ್ನು ಗೋಡೆಯ ಮುಂದೆ ಕರೆದುಕೊಂಡು ಹೋದರು. ಮೂಲೆ ಖಾಲಿಯೇ ಇತ್ತು. ನೀವಾದರೂ ಬರೆಯಿರಿ ಮೇಡಂ ಎಂದು ಕೈಮುಗಿದೆ. "ಒಬ್ಬಳದೇ ಹೆಸರು ಬರೆದರೆ ಸುಳ್ಳಾಗುತ್ತದೆ. ನೀನು ಬರೆದ ದಿನ ಫೋಟೋ ಕಳಿಸು, ಪಕ್ಕದಲ್ಲಿ ನನ್ನ ಹೆಸರನ್ನೂ ನೀನೇ ಬರೆ. ನಾನು ಕಾಯುತ್ತೇನೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದರು.

ಆಮೇಲೆ ಫೋನಿನಲ್ಲಿ ಮೆಸೇಜು ಬರುತ್ತಿತ್ತು. ಮಗಳ ಮನೆಯ ಅಂಗಳದ ಕೋಳಿಗಳ ಫೋಟೋ, ಎಡಗೈಯಲ್ಲಿ ಬರೆದ ಸಣ್ಣ ಚಿತ್ರಗಳು. ಪ್ರತಿ ಹೊಸ ವರ್ಷಕ್ಕೆ ಒಂದು ಖಾಲಿ ಚೌಕ, ಅದರ ಮುಂದೆ ಪ್ರಶ್ನೆಯ ಚಿಹ್ನೆ. ನಾನು ನಗುವ ಮುಖ ಕಳಿಸುತ್ತಿದ್ದೆ. ಕಂಪನಿ ನನ್ನನ್ನು ರಿಯಾದಿಗೆ ಹಾಕಿತು, ಸೂಪರ್‌ವೈಸರ್ ಮಾಡಿತು. ಬ್ರಷ್ ಹೋಗಿ ಕೈಗೆ ಕೆಲಸಗಾರರ ಹೆಸರಿನ ಪಟ್ಟಿ ಬಂತು. ಈ ರಜೆಗೆ ಹೋಗುವ, ಮುಂದಿನ ರಜೆಗೆ ಹೋಗುವ ಎಂದುಕೊಂಡೆ... ಕಳೆದ ಚಳಿಗಾಲ ಅದೇ ನಂಬರಿನಿಂದ ಮೆಸೇಜು ಬಂತು. ಬರೆದವಳು ಮಗಳು. ಅಮ್ಮ ನಿದ್ದೆಯಲ್ಲೇ ಹೋದರು ಎಂದಿತ್ತು. ಅಭಾದ ಗೋಡೆಯ ಕತೆಯನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು, ನಿಮ್ಮ ಗೀಚು ಅಳಿಸಿದ ಕತೆಯನ್ನಂತೂ ಮೊಮ್ಮಕ್ಕಳು ಬಾಯಿಪಾಠ ಮಾಡಿದ್ದಾರೆ ಎಂದಿತ್ತು. ಮೆಟ್ರೋದಲ್ಲಿ ನಿಂತು ಓದಿದೆ. ಇಳಿಯುವ ಸ್ಟೇಷನ್ ದಾಟಿಹೋಯಿತು. ಫೋನ್ ಕಿಸೆಗೆ ಹಾಕಿದೆ, ಮಗಳಿಗೆ ಆಮೇಲೂ ಉತ್ತರ ಬರೆಯಲಿಲ್ಲ.

ಹಲ್ಲಿನ ಡಾಕ್ಟರ ಬಳಿಯಿಂದ ಹೊರಗೆ ಬಂದವನೇ ಮೋನಾಕನಿಗೆ ಫೋನ್ ಮಾಡಿದೆ. ಅವರು ಇನ್ನೂ ಅಭಾದಲ್ಲೇ ಇದ್ದಾರೆ. ಆ ಮೂಲೆ ಉಂಟಾ ಎಂದು ಕೇಳಿದೆ. ಅರ್ಧ ಬಾಯಿ ಮರಗಟ್ಟಿತ್ತು, ಮೂರು ಸಲ ಹೇಳಬೇಕಾಯಿತು. "ಉಂಟು ಮಾರಾಯ, ಅದೆಲ್ಲಿಗೆ ಹೋಗ್ತದೆ? ಮೇಲೊಂದು ಕೈ ತೊಳೀರಿ ಅಂತ ನೋಟಿಸ್ ಅಂಟಿಸಿದ್ದಾರೆ ಅಷ್ಟೆ" ಎಂದರು. ಗುರುವಾರ ಸಂಜೆಯ ವಿಮಾನ ಹತ್ತಿದೆ.

ಶುಕ್ರವಾರ ಬೆಳಿಗ್ಗೆ ಮೋನಾಕನ ಜೊತೆ ಆಸ್ಪತ್ರೆಗೆ ಹೋದಾಗ ಮಂಜು ಸುರಿಯುತ್ತಿತ್ತು. ಗೋಡೆಯ ಕೆಳಭಾಗಕ್ಕೆ ಟ್ರಾಲಿ ತಾಗಿ ಅಲ್ಲಲ್ಲಿ ಗೀರಾಗಿದೆ, ಕೋತಿಯೊಂದರ ಮೂಗನ್ನು ಮಕ್ಕಳು ಮುಟ್ಟಿ ಮುಟ್ಟಿ ಸವೆಸಿದ್ದಾರೆ. ನೋಟಿಸನ್ನು ಮೆಲ್ಲಗೆ ಕಿತ್ತು ಪಕ್ಕಕ್ಕೆ ಅಂಟಿಸಿದೆ. ಮಂಡಿಯೂರಿ ಬ್ರಷ್ ಅದ್ದಿದ್ದೆನಷ್ಟೆ, ಹಿಂದಿನಿಂದ ಒಬ್ಬ ನರ್ಸ್ ಬಂದಳು. ಮಲಯಾಳಿ ಹುಡುಗಿ, ಹೊಸಬಳು. "ಕೌನ್ ಹೋ ಆಪ್? ಗೋಡೆಗೆ ಏನು ಬರೆಯುತ್ತಿದ್ದೀರಿ?" ಎಂದು ಹಿಂದಿಯಲ್ಲಿ ಗದರಿದಳು. ಮೋನಾಕ ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೇಳಿದೆ. ಈ ಗೋಡೆ ಬರೆದವನು ನಾನು, ಒಬ್ಬ ಮೇಡಂ ಮತ್ತು ನಾನು. ಮೇಲಿನ ಪಟ್ಟಿ ಪೂರ್ತಿ ನನ್ನದು ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಬಾಗಿಲಲ್ಲಿ ಎರಡು ಮಕ್ಕಳು ಇಣುಕಿದವು. ನರ್ಸ್ ತಲೆ ಎತ್ತಿ ಮೇಲೆ ನೋಡಿದಳು. "ಆ ಗುಟ್ಟು ಹೇಳುವ ಹುಡುಗಿಯನ್ನು ಬರೆದವರು ನೀವಾ?" ಎಂದಳು. ಹೌದು ಎಂದೆ. ಮೇಡಂ ಎಲ್ಲಿದ್ದಾರೆ ಎಂದು ಕೇಳಿದಳು. ಈಗ ಇಲ್ಲ ಎಂದೆ. ಅವಳು ಬಣ್ಣದ ಡಬ್ಬಿಯನ್ನು ಯಾರೂ ತುಳಿಯದ ಹಾಗೆ ಅಡ್ಡ ನಿಂತಳು.

ಅವರು ಹೇಳಿದ ಕ್ರಮದಲ್ಲೇ ಬರೆದೆ. ಮೊದಲು ನನ್ನ ಹೆಸರು, ಕನ್ನಡದಲ್ಲಿ. ಪಕ್ಕದಲ್ಲಿ ಅವರ ಹೆಸರು, ಅವರ ಅಕ್ಷರದಲ್ಲಿ. ಅಲ್ಲಿ ಬರೆದಾಯಿತು, ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಮೋನಾಕ ಗಡಿಯಾರ ನೋಡಿ, ಜುಮಾ ನಮಾಜಿಗೆ ಇನ್ನೂ ಹೊತ್ತು ಉಂಟು, ಚಾ ಕುಡಿಯುವ ಎಂದರು. ನಾನು ಆ ಹೆಸರುಗಳ ಮುಂದೆಯೇ ಕೂತಿದ್ದೆ. ಐದು ನಿಮಿಷದ ಕೆಲಸವಾಗಿತ್ತು ಅದು. ಅದಕ್ಕೆ ಅವರನ್ನು ಅಷ್ಟು ವರ್ಷ ಕಾಯಿಸಿದೆ.